ಮೂರು ಕೈ

ರಿಹೋರ್‌ನ ವಿಳಾಸ ಬರೆದು ಕಳಿಸು ಎಂದು ಒತ್ತಿದರೆ
ಪರದೆ ಅಡ್ಡ ನಿಲ್ಲುತ್ತದೆ:
ಈ ಹೆಸರಿಗೆ ಮೂರು ಕೀಲಿಕೈ ಇವೆ. ಒಂದನ್ನು ಆರಿಸಿ.

ವಿಲ್ನಿಯಸ್‌ನಲ್ಲಿ ರಾತ್ರಿ ಹನ್ನೊಂದೂವರೆ.
ಕೆಳಗಿನ ಬೇಕರಿಯವನು ನಾಳೆಯ ಕಪ್ಪು ಬ್ರೆಡ್ಡಿಗೆ
ಹಿಟ್ಟು ಕಲಸಿ ಹುಳಿಯಲು ಬಿಟ್ಟು ಹೋಗಿದ್ದಾನೆ.
ಆ ವಾಸನೆ ಮೆಟ್ಟಿಲು ಹತ್ತಿ ಬಂದು
ನನ್ನ ಅಡುಗೆಮನೆಯ ಮೇಜಿಗೆ ಒರಗಿದೆ,
ಇಪ್ಪತ್ತೇಳು ಹೆಸರಿನ ಪಟ್ಟಿಯ ಪಕ್ಕ.
ಹುಟ್ಟಿದ ವರ್ಷ, ಯಾವ ಜೈಲು, ಯಾವ ಮಾತ್ರೆ ಬೇಕು.
ಗಡಿಯಾಚೆ ರಿಹೋರ್, ವಕೀಲ.
ಬೆಳಿಗ್ಗೆ ಒಂಬತ್ತರೊಳಗೆ ಇದು ಅವನಿಗೆ ಮುಟ್ಟಬೇಕು,
ಅವನಿಗೆ ಮಾತ್ರ.

ಕೀಲಿಕೈ ಅನ್ನುವುದೆಲ್ಲ ಹೆಸರಿಗೆ.
ಎದುರಿಗಿರುವುದು ಬಾಯ್ತೆರೆದ ಮೂರು ಬೀಗ.
ಯಾರು ಬೇಕಾದರೂ ಒತ್ತಿ ಹಾಕಬಹುದು,
ತೆಗೆಯುವ ಕೈ ಮಾತ್ರ ಒಂದೇ.
ಅದು ಯಾರ ಕೈ ಎಂದು
ಬೀಗ ಬಾಯಿಬಿಡುವುದಿಲ್ಲ.

ಮೊದಲನೆಯದಕ್ಕೆ ಹನ್ನೊಂದು ವರ್ಷ.
ಗ್ರೋದ್ನಾದಲ್ಲಿ, ಅವನಕ್ಕ ಯಾದ್ವಿಗಾಳ ಮನೆಯಲ್ಲಿ
ಗಂಜಿ ಆರುವವರೆಗೆ ನಾನೇ ಕಲಿಸಿಕೊಟ್ಟದ್ದು.
ಗುಟ್ಟಿನ ಪದ ಕೇಳಿದಾಗ ಗೋಡೆಗೆ ತಿರುಗಿ ಬರೆದ,
ಬಟ್ಟೆ ಬದಲಿಸುವವನ ಹಾಗೆ.
ಅವಧಿ ಎಷ್ಟು ಎಂದದ್ದಕ್ಕೆ
'ಎಂದಿಗೂ ಮುಗಿಯದು' ಎಂಬುದನ್ನೇ ಆರಿಸಿದ.
ನಮಗೆ ಆಗ ಎಲ್ಲವೂ ಹಾಗೇ ಇತ್ತು.
ಆ ಲ್ಯಾಪ್‌ಟಾಪನ್ನು ಆಮೇಲೆ ಅವರು ಹೊತ್ತೊಯ್ದರು.
ರಶೀದಿ ಕೊಟ್ಟೇ ಒಯ್ದರು: ಕಪ್ಪು ಬಣ್ಣ, ಒಂದು.
ಮುಗಿಯದ ಆ ಕೀಲಿ ಈಗಲೂ ಜೀವಂತ,
ಯಾವ ಇಲಾಖೆಯ ಕಪಾಟಿನಲ್ಲೋ.

ಎರಡನೆಯದರ ಬೆರಳಚ್ಚನ್ನು
ಅವನು ಫೋನಿನಲ್ಲಿ ಓದಿ ಹೇಳಿದ್ದ.
ಬೆರಳಿಲ್ಲ, ಅಚ್ಚಿಲ್ಲ, ಬರೀ ನಲವತ್ತು ಅಕ್ಷರ.
'ಬಿ' ಬಂದಲ್ಲೆಲ್ಲ ಅವನ ನಾಲಗೆ ಕಾಲು ಜಾರುತ್ತದೆ,
ಬ... ಬ... ಬಿ, ಏಳು, ಸೊನ್ನೆ,
ನಾನು ಔಷಧಿ ಚೀಟಿಯ ಬೆನ್ನಿಗೆ ಬರೆದುಕೊಂಡೆ.
ಚೀಟಿ ಇನ್ನೂ ಫ್ರಿಜ್ಜಿನ ಮೇಲಿದೆ, ಅಕ್ಷರ ತಪ್ಪದೆ ಹೊಂದುತ್ತದೆ.
ಆದರೆ ಮಾರ್ಚಿಗೇ ಅದರ ಅವಧಿ ತೀರಿದೆ.
ತೀರಿಕೊಂಡವರ ಕೈಗೆ ಕಾಗದ ಕೊಡಲಾಗದು
ಎನ್ನುತ್ತದೆ ಯಂತ್ರ, ಅದರ ಭಾಷೆಯಲ್ಲಿ.

ಮೂರನೆಯದು ಹೊಸತು, ಹುಟ್ಟಿ ಹನ್ನೊಂದು ದಿನ.
ಹಸಿರು ಗುರುತು. ಫೋಟೋ.
ಪೂರ್ತಿ ಹೆಸರು, ನಡುವೆ ಅಪ್ಪನ ಹೆಸರೂ ಸೇರಿ.
ರಿಹೋರ್ ಎಂದೂ ಅಪ್ಪನ ಹೆಸರು ಬರೆದವನಲ್ಲ.
ಹಾಗೆ ಬರೆಯುವುದು ಸಮನ್ಸಿನಲ್ಲಿ.

ಅಥವಾ ಬರೆದಿರಬಹುದು.
ಅಪ್ಪ ಹೋದ ವರ್ಷ ತೀರಿಕೊಂಡರಲ್ಲ.

ಮೂರಕ್ಕೂ ಸೇರಿಸಿ ಹಾಕಿಬಿಡಿ ಎನ್ನುತ್ತಾನೆ
ಪಕ್ಕದ ಕೋಣೆಯ ಕಜಿಮೆರಸ್, ಹಲ್ಲುಜ್ಜುತ್ತಾ,
ಯಾವುದಾದರೊಂದು ತೆರೆಯುತ್ತದಲ್ಲ.
ಅದೇ ಭಯ, ಹುಡುಗಾ.
ಯಾವುದಾದರೊಂದು ತೆರೆಯುತ್ತದೆ.

ಹನ್ನೆರಡೂಕಾಲು.
ಪಟ್ಟಿಯಲ್ಲಿ ಹದಿನಾಲ್ಕನೆಯವಳಿಗೆ ಇನ್ಸುಲಿನ್ ಬೇಕು.
ನನ್ನ ಅನುಮಾನಕ್ಕೆ ಅವಳ ರಕ್ತ ಕಾಯುವುದಿಲ್ಲ.

ಫೋನು ಎತ್ತುತ್ತೇನೆ.
ಕದ್ದು ಕೇಳುವವರಿದ್ದಾರೆ, ಗೊತ್ತು. ಕೇಳಲಿ.
ಬೆರಳಚ್ಚು ಗುಟ್ಟಲ್ಲ; ಊರಿಗೆಲ್ಲ ಸಾರಿದರೂ
ಬೀಗ ಬೀಗವೇ.

ನಾಲ್ಕು ಸಲ ರಿಂಗಾಗಿ ಯಾರೋ ಎತ್ತುತ್ತಾರೆ. ಕೆಮ್ಮು.
ಹೆಸರು ಹೇಳುವುದಿಲ್ಲ ನಾನು, ಕೇಳುವುದೂ ಇಲ್ಲ.
ಹೊಸದನ್ನು ಓದು, ಎನ್ನುತ್ತೇನೆ. ನಿಧಾನ. ಒಂದೊಂದೇ.
ಅತ್ತ ಕಾಗದದ ಸದ್ದು.
ನಾಲ್ಕು. ಇ. ಒಂಬತ್ತು. ಒಂಬತ್ತು. ಸಿ.
ನಿದ್ದೆಗಣ್ಣಿನ ದನಿ, ಯಾರದೂ ಇರಬಹುದು.

ಪರದೆಯ ಮೇಲೆ ಬೆರಳಿಟ್ಟು ಕೂತಿದ್ದೇನೆ.
ಆರನೆಯ ಅಕ್ಷರ ಬಿ.
ತೊದಲು, ರಿಹೋರ್,
ದಯವಿಟ್ಟು.